ನೀವು ಓಡಿಸಿದ ಪ್ರೋಗ್ರಾಮ್‌ಗೆ ನಿಮ್ಮಷ್ಟೇ ಅಧಿಕಾರ

ಕಂಪ್ಯೂಟರಿನಲ್ಲಿ ಯಾವುದೋ ಒಂದು ಪ್ರೋಗ್ರಾಮ್ ಮೇಲೆ ಡಬಲ್ ಕ್ಲಿಕ್ ಮಾಡಿದಿರಿ ಅಂದುಕೊಳ್ಳಿ. ಆ ಕ್ಷಣದಿಂದ ಅದು ನಿಮ್ಮ ಫೋಟೊಗಳನ್ನು ತೆರೆಯಬಹುದು, ಡಾಕ್ಯುಮೆಂಟ್‌ಗಳನ್ನು ಅಳಿಸಬಹುದು, ಬ್ರೌಸರ್ ಉಳಿಸಿಟ್ಟುಕೊಂಡ ಮಾಹಿತಿಯನ್ನು ನಕಲು ಮಾಡಿ ಇಂಟರ್ನೆಟ್ ಮೂಲಕ ಎಲ್ಲಿಗೆ ಬೇಕಾದರೂ ಕಳಿಸಬಹುದು. ಯಾವ ಪಾಸ್‌ವರ್ಡನ್ನೂ ಮುರಿಯಬೇಕಿಲ್ಲ. ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ನೀವು ಏನೇನು ಮಾಡಬಲ್ಲಿರೋ ಅದೆಲ್ಲವನ್ನೂ ನಿಮ್ಮ ಹೆಸರಿನಲ್ಲಿ ಅದೂ ಮಾಡಬಲ್ಲದು.

ಇದು ಯಾರೋ ಬಿಟ್ಟುಹೋದ ದೋಷವಲ್ಲ. ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳನ್ನು ಕಟ್ಟಿದ್ದೇ ಹೀಗೆ. ಫೋನ್‌ನಲ್ಲಿ ಪ್ರತಿ ಆ್ಯಪ್‌ಗೂ ಅದರದ್ದೇ ಬೇಲಿ. ಕ್ಯಾಮರಾ ಬೇಕಾದರೆ ಕೇಳಬೇಕು, ಫೋಟೊ ಬೇಕಾದರೂ ಕೇಳಬೇಕು. ವಿಂಡೋಸ್, ಲಿನಕ್ಸ್‌ಗಳಲ್ಲಿ ಮಾಮೂಲಿ ಪ್ರೋಗ್ರಾಮ್‌ಗಳಿಗೆ ಅಂಥ ಕಟ್ಟುಪಾಡು ತೀರಾ ಕಡಿಮೆ. ಮ್ಯಾಕ್ ಕೆಲವು ಫೋಲ್ಡರ್‌ಗಳಿಗೆ ಅನುಮತಿ ಕೇಳುತ್ತದೆ. ಆದರೆ ಅಲ್ಲಿ 'ಅಲೋ' ಒತ್ತುವವರೂ ನಾವೇ ಅಲ್ವಾ?

ಈ ಒಂದು ಸಂಗತಿ ತಲೆಯಲ್ಲಿದ್ದರೆ ಉಳಿದದ್ದು ತಾನಾಗಿಯೇ ಅರ್ಥವಾಗುತ್ತಾ ಹೋಗುತ್ತದೆ. ಕಳ್ಳರು ಅಷ್ಟೊಂದು ಕಷ್ಟಪಟ್ಟು ನಮ್ಮಿಂದ ಯಾಕೆ ಒಂದು ಕ್ಲಿಕ್ ಮಾಡಿಸುತ್ತಾರೆ? ಆಂಟಿವೈರಸ್ ಇದ್ದೂ ಜನ ಯಾಕೆ ಮೋಸ ಹೋಗುತ್ತಾರೆ? ಸದಾ ಚುಚ್ಚಿಟ್ಟ ಬ್ಯಾಕಪ್ ಡಿಸ್ಕ್ ಯಾಕೆ ಸರಿಯಾದ ಹೊತ್ತಿಗೆ ಕೈಕೊಡುತ್ತದೆ? ಎಲ್ಲದರ ಬೇರು ಇಲ್ಲೇ ಇದೆ.

ಕ್ಲಿಕ್ ಮಾಡಿಸುವ ಕಸುಬು

2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಎಂಬ ಶೀರ್ಷಿಕೆಯ ಇಮೇಲ್ ಒಂದು ಜಗತ್ತೆಲ್ಲ ಸುತ್ತಿತು. ಜೊತೆಗೊಂದು ಫೈಲ್ ಇತ್ತು. ಹೆಸರಿನ ಕೊನೆಯಲ್ಲಿ 'ಟಿಎಕ್ಸ್‌ಟಿ' ಅಂತ ಕಾಣುತ್ತಿತ್ತು, ಅಂದರೆ ಸಾದಾ ಪಠ್ಯದ ಫೈಲ್. ಅದರಾಚೆ 'ವಿಬಿಎಸ್' ಎಂಬ ಇನ್ನೊಂದು ಬಾಲವಿತ್ತು. ವಿಂಡೋಸ್ ಅದನ್ನು ತೋರಿಸುತ್ತಿರಲಿಲ್ಲ. ಪ್ರೇಮಪತ್ರ ಓದೋಣ ಅಂತ ತೆರೆದವರು ನಿಜಕ್ಕೂ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಮ್, ಓಡಿಸಿದ್ದರು. ಅದು ಅವರ ಔಟ್‌ಲುಕ್ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ತನ್ನ ಪ್ರತಿ ಕಳಿಸಿತು. ಡಿಸ್ಕ್‌ನಲ್ಲಿದ್ದ ಚಿತ್ರಗಳ ಮೇಲೆ ತನ್ನನ್ನೇ ಬರೆದು ಅವನ್ನು ಹಾಳು ಮಾಡಿತು.

ಇಷ್ಟು ವರ್ಷವಾದರೂ ವಿಂಡೋಸ್ ಆ ಬಾಲವನ್ನು ತಾನಾಗಿ ತೋರಿಸುವುದಿಲ್ಲ. ಯಾಕೆ ಈ ಹಠವೋ ನನಗಂತೂ ಅರ್ಥವಾಗಿಲ್ಲ. ನಾವೇ ಆನ್ ಮಾಡಿಕೊಳ್ಳಬೇಕು. ಫೈಲ್ ಎಕ್ಸ್‌ಪ್ಲೋರರ್ ತೆರೆದು 'ವ್ಯೂ' ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಎಂಬುದಕ್ಕೆ ಟಿಕ್ ಹಾಕಿ. ವಿಂಡೋಸ್ 11ರಲ್ಲಿ ಅದು 'ಶೋ' ಎಂಬುದರ ಒಳಗಿದೆ. ಇಷ್ಟು ಮಾಡಿದರೆ 'ಬಿಲ್' ಅಂತ ಬಂದ ಫೈಲ್ ನಿಜಕ್ಕೂ ಪಿಡಿಎಫ್ ಹೌದೋ ಅಲ್ಲವೋ ಕಾಣುತ್ತದೆ. ಕೊನೆಯಲ್ಲಿ ಇಎಕ್ಸ್‌ಇ, ಎಸ್‌ಸಿಆರ್, ವಿಬಿಎಸ್, ಜೆಎಸ್, ಎಂಎಸ್‌ಐ ಅಂತಿದ್ದರೆ ಅದು ಓದುವ ಕಾಗದವಲ್ಲ, ಓಡುವ ಪ್ರೋಗ್ರಾಮ್. ಪಕ್ಕದಲ್ಲಿರುವ ಐಕಾನ್ ಪಿಡಿಎಫ್‌ನದ್ದೇ ಇರಬಹುದು. ಅದನ್ನು ನಂಬಬೇಡಿ, ಪ್ರೋಗ್ರಾಮ್ ಬರೆದವನು ಯಾವ ಐಕಾನ್ ಬೇಕಾದರೂ ಅಂಟಿಸಬಹುದು.

ವರ್ಡ್, ಎಕ್ಸೆಲ್ ಫೈಲ್‌ಗಳೊಳಗೆ ಅಡಗಿ ಓಡುವ ಮ್ಯಾಕ್ರೊ ಎಂಬ ಸಣ್ಣ ಪ್ರೋಗ್ರಾಮ್‌ಗಳು ಬಹುಕಾಲ ಕಳ್ಳರ ಮೆಚ್ಚಿನ ದಾರಿಯಾಗಿದ್ದವು. ಇಂಟರ್ನೆಟ್‌ನಿಂದ ಬಂದ ಫೈಲ್‌ಗಳಲ್ಲಿ ಮ್ಯಾಕ್ರೊ ಓಡದಂತೆ ಮೈಕ್ರೋಸಾಫ್ಟ್ 2022ರಲ್ಲಿ ತಡೆ ಹಾಕಿತು. ಕಳ್ಳರು ಸುಮ್ನೆ ಕೂರಲಿಲ್ಲ. ಪಾಸ್‌ವರ್ಡ್ ಹಾಕಿದ ಝಿಪ್ ಫೈಲ್, ಡಿಸ್ಕ್ ಇಮೇಜ್, ಒನ್‌ನೋಟ್ ಫೈಲ್ ಅಂತ ದಾರಿ ಬದಲಿಸಿದರು. ಝಿಪ್‌ಗೆ ಪಾಸ್‌ವರ್ಡ್ ಹಾಕುವುದರಲ್ಲೂ ಒಂದು ಉಪಾಯವಿದೆ. ಬೀಗ ಹಾಕಿದ ಝಿಪ್‌ನ ಒಳಗೆ ಏನಿದೆ ಅಂತ ಇಮೇಲ್ ಕಂಪನಿಯ ವೈರಸ್ ತಪಾಸಣೆಗೆ ಕಾಣುವುದಿಲ್ಲ. ಅದೇ ಇಮೇಲ್‌ನಲ್ಲಿ 'ಪಾಸ್‌ವರ್ಡ್ 1234' ಅಂತ ಬರೆದಿದ್ದರೆ ಅದು ಗುಟ್ಟು ಕಾಯಲು ಹಾಕಿದ ಬೀಗ ಖಂಡಿತ ಅಲ್ಲ.

ಈಗ ಜಾಸ್ತಿ ನಡೆಯುತ್ತಿರುವ ಇನ್ನೊಂದು ಆಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಯಾಕೆಂದರೆ ಇದರಲ್ಲಿ ಫೈಲ್ ಡೌನ್‌ಲೋಡೇ ಇಲ್ಲ. ಭದ್ರತಾ ತಜ್ಞರು ಇದನ್ನು 'ಕ್ಲಿಕ್‌ಫಿಕ್ಸ್' ಅನ್ನುತ್ತಾರೆ. 2024ರಿಂದ ಇದು ಎಲ್ಲೆಡೆ ಹಬ್ಬಿತು.

ಯಾವುದೋ ವೆಬ್‌ಸೈಟ್ ತೆರೆಯುತ್ತೀರಿ. 'ನಾನು ರೋಬೋಟ್ ಅಲ್ಲ' ಎಂಬ ಪರಿಚಿತ ಚೌಕ ಬರುತ್ತದೆ. ಒತ್ತುತ್ತೀರಿ. 'ಖಚಿತಪಡಿಸಲು ಹೀಗೆ ಮಾಡಿ' ಅಂತ ಮೂರು ಹೆಜ್ಜೆ ತೋರಿಸುತ್ತದೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ಏನಪ್ಪಾ ಹೊಸ ಥರದ ಪರೀಕ್ಷೆ ಅಂದುಕೊಂಡು ಜನ ಮಾಡಿಬಿಡುತ್ತಾರೆ.

ನಡೆದದ್ದು ಇಷ್ಟು. ನೀವು ಚೌಕ ಒತ್ತಿದಾಗಲೇ ಆ ಪುಟ ಒಂದು ಆಜ್ಞೆಯನ್ನು ನಿಮ್ಮ ಕ್ಲಿಪ್‌ಬೋರ್ಡ್‌ಗೆ, ಅಂದರೆ ಕಾಪಿ ಮಾಡಿದ್ದು ಕೂರುವ ಜಾಗಕ್ಕೆ, ಹಾಕಿತ್ತು. ವಿಂಡೋಸ್ ಜೊತೆ ಆರ್ ಒತ್ತಿದಾಗ 'ರನ್' ಕಿಟಕಿ ತೆರೆಯಿತು. ಕಂಟ್ರೋಲ್ ಜೊತೆ ವಿ ಒತ್ತಿದಾಗ ಆ ಆಜ್ಞೆ ಅಲ್ಲಿ ಅಂಟಿಕೊಂಡಿತು. ಎಂಟರ್ ಒತ್ತಿದಾಗ ವಿಂಡೋಸ್‌ನಲ್ಲಿ ಆಜ್ಞೆಗಳನ್ನು ಓಡಿಸುವ ಪವರ್‌ಶೆಲ್ ಓಡಿ ಮಾಲ್‌ವೇರ್, ಅಂದರೆ ಕೇಡು ಮಾಡುವ ಪ್ರೋಗ್ರಾಮ್, ಇಳಿಸಿಕೊಂಡಿತು. ವೆಬ್‌ಪುಟಕ್ಕೆ ತಾನಾಗಿ ನಿಮ್ಮ ಕಂಪ್ಯೂಟರಿನಲ್ಲಿ ಆಜ್ಞೆ ಓಡಿಸಲು ಬ್ರೌಸರ್ ಬಿಡುವುದಿಲ್ಲ. ಆ ತಡೆಗೋಡೆ ಗಟ್ಟಿಯಾಗಿದೆ. ಅದಕ್ಕೇ ಅವರು ನಿಮ್ಮ ಬೆರಳುಗಳನ್ನೇ ಬಳಸಿಕೊಂಡರು. ಮ್ಯಾಕ್‌ನಲ್ಲಿ ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು ಏನನ್ನೋ ಅಂಟಿಸಿ ಅನ್ನುವುದೂ ಇದೇ ಆಟ. ಯಾವ ನಿಜವಾದ ರೋಬೋಟ್ ಪರೀಕ್ಷೆಯೂ ಬ್ರೌಸರಿನಿಂದ ಹೊರಗೆ ಬಂದು ಕೀಲಿ ಒತ್ತಲು ಹೇಳುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ.

ಹುಡುಕಾಟದ ಪುಟದಲ್ಲೂ ಬಲೆ ಇದೆ. ಜನಪ್ರಿಯ ಸಾಫ್ಟ್‌ವೇರ್ ಒಂದರ ಹೆಸರು ಹಾಕಿ ಹುಡುಕಿದರೆ ಮೊದಲು ಬರುವುದು ಜಾಹೀರಾತು. ದುಡ್ಡು ಕೊಟ್ಟವರು ಯಾರು ಬೇಕಾದರೂ ಆ ಜಾಗ ಹಿಡಿಯಬಹುದು. ಅಸಲಿಯ ಪಡಿಯಚ್ಚಿನಂಥ ಪುಟ ಮಾಡಿ, ಅಸಲಿ ಸಾಫ್ಟ್‌ವೇರ್ ಜೊತೆಗೇ ಮಾಲ್‌ವೇರ್ ಸೇರಿಸಿ ಕೊಡುತ್ತಾರೆ. ಸಾಫ್ಟ್‌ವೇರ್ ಸರಿಯಾಗಿ ಕೆಲಸ ಮಾಡುವುದರಿಂದ ಅನುಮಾನವೇ ಬರುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಈ ಬಗ್ಗೆ ಎಚ್ಚರಿಕೆ ಕೊಡುತ್ತಾ, ಹುಡುಕುವಾಗ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ (ಫೈಲಿನ ಬಾಲವಲ್ಲ, ಬ್ರೌಸರಿಗೆ ಜೋಡಿಸುವ ಸಣ್ಣ ಪ್ರೋಗ್ರಾಮ್) ಬಳಸಿ ಅಂತಲೇ ಹೇಳಿತು. ನನ್ನ ಮಟ್ಟಿಗೆ ಇದು ಎರಡನೇ ಆಂಟಿವೈರಸ್ ಕೊಳ್ಳುವುದಕ್ಕಿಂತ ಎಷ್ಟೋ ಒಳ್ಳೆಯ ಸಲಹೆ. ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಒರಿಜಿನ್, ಕ್ರೋಮ್‌ನಲ್ಲಿ ಅದರ ಲೈಟ್ ಆವೃತ್ತಿ ಸಾಕು. ಸಾಫ್ಟ್‌ವೇರ್ ಬೇಕಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೋ ತಯಾರಕರ ಸೈಟ್‌ನಲ್ಲೋ ಪಡೆಯಿರಿ, ಆ ವಿಳಾಸವನ್ನು ನೀವೇ ಟೈಪ್ ಮಾಡಿ.

ಎಕ್ಸ್‌ಟೆನ್ಶನ್‌ಗಳನ್ನೂ ಲೆಕ್ಕದಲ್ಲಿಡಿ. 'ಎಲ್ಲ ವೆಬ್‌ಸೈಟ್‌ಗಳ ಮಾಹಿತಿ ಓದಿ ಬದಲಿಸಬಹುದು' ಎಂಬ ಅನುಮತಿ ಪಡೆದ ಎಕ್ಸ್‌ಟೆನ್ಶನ್ ನಿಮ್ಮ ಬ್ಯಾಂಕ್ ಪುಟವನ್ನೂ ಓದಬಲ್ಲದು. ಇವತ್ತು ಒಳ್ಳೆಯದಿದ್ದದ್ದು ನಾಳೆ ಬೇರೆಯವರ ಕೈ ಸೇರಬಹುದು. 'ದಿ ಗ್ರೇಟ್ ಸಸ್ಪೆಂಡರ್' ಎಂಬ ಎಕ್ಸ್‌ಟೆನ್ಶನ್‌ಗೆ ಆದದ್ದು ಅದೇ. ಒಡೆತನ ಬದಲಾದ ಮೇಲೆ ಅದರಲ್ಲಿ ಕೆಟ್ಟ ಕೋಡ್ ಸೇರಿತು, 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಕಿತ್ತುಹಾಕಿತು. ಬಳಸದ್ದನ್ನು ತೆಗೆದುಬಿಡಿ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಪುಕ್ಕಟೆ ಆ್ಯಕ್ಟಿವೇಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಮೊದಲು ಆಂಟಿವೈರಸ್ ಆಫ್ ಮಾಡಿ' ಅಂತ ಸೂಚನೆ ಕೊಡುವ ಫೈಲನ್ನು ಓಡಿಸುವವರಿಗೆ ಯಾರೂ ಏನೂ ಮಾಡಲಾಗದು.

ಪಾಸ್‌ವರ್ಡ್ ಗೊತ್ತಿಲ್ಲದೆಯೂ ಖಾತೆಗೆ ನುಗ್ಗುವುದು

ಹಿಂದೆ ವೈರಸ್ ಬಂದರೆ ಕಂಪ್ಯೂಟರ್ ನಿಧಾನವಾಗುತ್ತಿತ್ತು, ಪರದೆ ಮೇಲೆ ಏನೇನೋ ಕುಣಿಯುತ್ತಿತ್ತು. ಈಗಿನವು ಸದ್ದು ಮಾಡುವುದಿಲ್ಲ. 'ಇನ್ಫೋಸ್ಟೀಲರ್' ಎಂಬ ಜಾತಿಯ ಮಾಲ್‌ವೇರ್ ಓಡಿ, ಬೇಕಾದ್ದನ್ನು ಬಾಚಿಕೊಂಡು, ಎಷ್ಟೋ ಸಲ ತನ್ನನ್ನೇ ಅಳಿಸಿಕೊಂಡು ಹೋಗುತ್ತದೆ. ಎಲ್ಲ ಮುಗಿಯಲು ನಿಮಿಷಗಳು ಸಾಕು.

ಅದು ಬಾಚುವುದು ಏನನ್ನು? ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಕಾರ್ಡ್ ವಿವರ, ಎಲ್ಲಕ್ಕಿಂತ ಮುಖ್ಯವಾಗಿ ಕುಕಿಗಳು. ಇಮೇಲ್‌ಗೆ ಒಮ್ಮೆ ಲಾಗಿನ್ ಆದರೆ ವಾರಗಟ್ಟಲೆ ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ, ಗಮನಿಸಿದ್ದೀರಾ? ಲಾಗಿನ್ ಆದಾಗ ಸೈಟ್ ನಿಮ್ಮ ಬ್ರೌಸರಿಗೆ ಒಂದು ಉದ್ದದ ಗುಟ್ಟಿನ ಸಂಖ್ಯೆ ಕೊಡುತ್ತದೆ, ಬ್ರೌಸರ್ ಅದನ್ನು ಕುಕಿಯಾಗಿ ಉಳಿಸಿಟ್ಟುಕೊಳ್ಳುತ್ತದೆ. ಪ್ರದರ್ಶನಕ್ಕೆ ಟಿಕೆಟ್ ಕೊಟ್ಟು ಒಳಹೋಗುವಾಗ ಕೈ ಮೇಲೆ ಒತ್ತುವ ಮುದ್ರೆಯ ಹಾಗೆ. ಮುಂದಿನ ಸಲ ಮುದ್ರೆ ತೋರಿಸಿದರೆ ಸಾಕು, ಟಿಕೆಟ್ ಕೇಳುವುದಿಲ್ಲ. ಆ ಸಂಖ್ಯೆಯೇ ಕಳ್ಳನ ಕೈ ಸೇರಿದರೆ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಸೈಟ್‌ನ ಕಣ್ಣಿಗೆ ಅವನು ಆಗಲೇ ಒಳಗಿರುವ ನೀವು.

ಲೈನಸ್ ಟೆಕ್ ಟಿಪ್ಸ್ ಎಂಬ ದೊಡ್ಡ ಯೂಟ್ಯೂಬ್ ಚಾನೆಲ್ 2023ರ ಮಾರ್ಚ್‌ನಲ್ಲಿ ಹೀಗೇ ಕೈತಪ್ಪಿತ್ತು. ಜಾಹೀರಾತು ಒಪ್ಪಂದದ ಪಿಡಿಎಫ್ ಅಂತ ಬಂದ ಫೈಲನ್ನು ಸಿಬ್ಬಂದಿಯೊಬ್ಬರು ತೆರೆದಿದ್ದರು. ಹಗಲೂ ರಾತ್ರಿ ಕಂಪ್ಯೂಟರ್ ಬಗ್ಗೆಯೇ ಮಾತಾಡುವವರ ಕಥೆ ಇದು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಸೇರಿ 'ಲುಮ್ಮಾ' ಎಂಬ ಇನ್ಫೋಸ್ಟೀಲರ್‌ನ ಜಾಲವನ್ನು ಕೆಡವಿದರು. ಅದಕ್ಕೆ ಮುಂಚಿನ ಎರಡೇ ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಿಗೆ ಅದು ತಗುಲಿದ್ದನ್ನು ಮೈಕ್ರೋಸಾಫ್ಟ್ ಗುರುತಿಸಿತ್ತು. ಒಂದೇ ಒಂದು ಮಾಲ್‌ವೇರ್‌ನ ಲೆಕ್ಕ ಇದು.

ಬಚಾವಾಗುವ ದಾರಿ? ಪೂರ್ತಿ ಇಲ್ಲ, ಸ್ವಲ್ಪ ಇದೆ. ಬ್ಯಾಂಕ್‌ನಂಥ ಮುಖ್ಯ ಸೈಟ್‌ಗಳಲ್ಲಿ ಕೆಲಸ ಮುಗಿದ ಮೇಲೆ ಟ್ಯಾಬ್ ಮುಚ್ಚುವ ಬದಲು ಲಾಗ್ ಔಟ್ ಒತ್ತಿ. ಆಗ ಆ ಗುಟ್ಟಿನ ಸಂಖ್ಯೆ ಸೈಟ್‌ನ ಕಡೆಯಿಂದಲೇ ರದ್ದಾಗುತ್ತದೆ. ಆಗಾಗ ಗೂಗಲ್, ಮೈಕ್ರೋಸಾಫ್ಟ್ ಖಾತೆಯ ಭದ್ರತಾ ಪುಟದಲ್ಲಿ ಯಾವ್ಯಾವ ಸಾಧನ ಲಾಗಿನ್ ಆಗಿದೆ ನೋಡಿ, ನಿಮ್ಮದಲ್ಲದ್ದನ್ನು ಹೊರಹಾಕಿ.

ಪಾಸ್‌ವರ್ಡ್ ವಿಷಯ

2009ರಲ್ಲಿ ರಾಕ್‌ಯು ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿದವು. ಅವನ್ನು ಯಾವ ಮರೆಯೂ ಇಲ್ಲದೆ ಇದ್ದ ಹಾಗೇ ಉಳಿಸಿಟ್ಟಿದ್ದರು. ಜನ ನಿಜವಾಗಿ ಎಂಥ ಪಾಸ್‌ವರ್ಡ್ ಇಡುತ್ತಾರೆ ಎಂಬುದು ಜಗತ್ತಿಗೆಲ್ಲ ಗೊತ್ತಾಯಿತು. ಮೊದಲ ಸ್ಥಾನ 123456ಕ್ಕೆ. ಆ ಪಟ್ಟಿಯನ್ನು ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಮ್‌ಗಳಿಗೆ ಇವತ್ತಿಗೂ ಉಣಿಸುತ್ತಾರೆ.

ಉದ್ದ ಯಾಕೆ ಮುಖ್ಯ ಅನ್ನುವುದು ಬರೀ ಲೆಕ್ಕ. ಇಂಗ್ಲಿಷ್‌ನ 26 ಸಣ್ಣ ಅಕ್ಷರಗಳಲ್ಲಿ 8 ಅಕ್ಷರದ ಪಾಸ್‌ವರ್ಡ್ ಮಾಡಿದರೆ ಸುಮಾರು 20,900 ಕೋಟಿ ಸಾಧ್ಯತೆಗಳು. ತುಂಬಾ ಅನಿಸುತ್ತದೆ. ಆದರೆ ಎಂಡಿ5 ಎಂಬ ಹಳೆಯ ವಿಧಾನದಲ್ಲಿ ಮರೆಮಾಡಿ ಇಟ್ಟ ಪಾಸ್‌ವರ್ಡ್ ಪಟ್ಟಿ ಕೈಗೆ ಸಿಕ್ಕರೆ, ಆಟಕ್ಕಾಗಿ ಕೊಳ್ಳುವ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10,000 ಕೋಟಿ ಊಹೆ ಮಾಡಬಲ್ಲದು. ಎರಡು ಸೆಕೆಂಡಿನ ಕೆಲಸ. ಅದೇ 12 ಅಕ್ಷರವಾದರೆ ಸುಮಾರು 11 ದಿನ. 14 ಅಕ್ಷರವಾದರೆ 20 ವರ್ಷ. ಅಕ್ಷರಗಳು ಗೊತ್ತುಗುರಿಯಿಲ್ಲದೆ ಆಯ್ದವು ಆಗಿದ್ದರೆ ಮಾತ್ರ ಈ ಲೆಕ್ಕ. ಹೆಸರು, ಹುಟ್ಟಿದ ವರ್ಷ, ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಈ ಲೆಕ್ಕಕ್ಕೇ ಬರುವುದಿಲ್ಲ. ಆ ಚಾಳಿ ಅವರಿಗೂ ಗೊತ್ತು.

'ದೊಡ್ಡಕ್ಷರ ಇರಲಿ, ಚಿಹ್ನೆ ಇರಲಿ, 90 ದಿನಕ್ಕೊಮ್ಮೆ ಬದಲಿಸಿ' ಎಂಬ ಹಳೆಯ ನಿಯಮದ ಮೂಲ ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ 2000ರ ದಶಕದಲ್ಲಿ ಹೊರತಂದ ಕೈಪಿಡಿ. 2017ರಲ್ಲಿ ಅದೇ ಸಂಸ್ಥೆ ಆ ಸಲಹೆ ಕೈಬಿಟ್ಟಿತು. ಸೋರಿದ ಸುಳಿವಿಲ್ಲದಿದ್ದರೆ ಸುಮ್ಮನೆ ಬದಲಿಸುತ್ತಿರಬೇಕಿಲ್ಲ, ಉದ್ದವಾಗಿರಲಿ ಅಂದಿತು. ಆದರೂ ಎಷ್ಟೋ ಕಚೇರಿಗಳ ಕಂಪ್ಯೂಟರುಗಳು ಇನ್ನೂ ಹಳೆಯದನ್ನೇ ಜಪಿಸುತ್ತಿವೆ.

ಉದ್ದಕ್ಕಿಂತಲೂ ದೊಡ್ಡ ಸಮಸ್ಯೆ ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಬಳಸುವುದು. ಯಾವುದೋ ಸಣ್ಣ ಸೈಟ್‌ನಿಂದ ಸೋರಿದ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಯನ್ನು ಯಂತ್ರಗಳು ನೂರಾರು ದೊಡ್ಡ ಸೈಟ್‌ಗಳಲ್ಲಿ ಪ್ರಯತ್ನಿಸಿ ನೋಡುತ್ತವೆ. ನಿಮ್ಮ ಇಮೇಲ್ ಯಾವ ಸೋರಿಕೆಯಲ್ಲಿ ಸಿಕ್ಕಿದೆ ಅಂತ ತಿಳಿಯಲು ಟ್ರಾಯ್ ಹಂಟ್ ಎಂಬ ಭದ್ರತಾ ತಜ್ಞ 2013ರಲ್ಲಿ ಶುರುಮಾಡಿದ 'ಹ್ಯಾವ್ ಐ ಬೀನ್ ಪೋನ್ಡ್' ಎಂಬ ಉಚಿತ ಸೈಟ್ ಇದೆ. ಒಮ್ಮೆ ನೋಡಿ. ಹಳೆಯ ಇಮೇಲ್ ಆಗಿದ್ದರೆ ಏನಾದರೂ ಸಿಕ್ಕೇ ಸಿಗುತ್ತದೆ, ಗಾಬರಿಯಾಗಬೇಡಿ.

ಪ್ರತಿ ಸೈಟ್‌ಗೂ ಬೇರೆ ಪಾಸ್‌ವರ್ಡ್ ಇಟ್ಟು ನೆನಪಿಡುವುದು ಮನುಷ್ಯರಿಗೆ ಆಗದ ಕೆಲಸ. ಎಲ್ಲವನ್ನೂ ಬೀಗ ಹಾಕಿ ನೆನಪಿಟ್ಟುಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್ ಬೇಕು. ಬಿಟ್‌ವಾರ್ಡನ್, ಕೀಪಾಸ್ ಥರದವು ಉಚಿತವಾಗಿ ಸಿಗುತ್ತವೆ. ಇದರಿಂದ ಇನ್ನೊಂದು ಲಾಭವಿದೆ, ಹೆಚ್ಚಿನವರು ಗಮನಿಸುವುದಿಲ್ಲ. ಬ್ರೌಸರಿಗೆ ಜೋಡಿಸಿದ ಮ್ಯಾನೇಜರ್ ನೋಡುವುದು ಪುಟದ ಅಂದಚಂದವನ್ನಲ್ಲ, ವಿಳಾಸವನ್ನು. ನಕಲಿ ಬ್ಯಾಂಕ್ ಪುಟ ಎಷ್ಟೇ ಚೆನ್ನಾಗಿದ್ದರೂ ವಿಳಾಸ ಬೇರೆಯಾದರೆ ಅದು ಪಾಸ್‌ವರ್ಡ್ ತುಂಬುವುದಿಲ್ಲ. ಎಂದೂ ತಾನಾಗಿ ತುಂಬುತ್ತಿದ್ದದ್ದು ಇವತ್ತು ತುಂಬಲಿಲ್ಲ ಅಂದರೆ ಅಲ್ಲೇ ನಿಲ್ಲಿ.

ಕಣ್ಣಿನಿಂದಲೇ ಪರೀಕ್ಷಿಸುವುದಾದರೆ ಹೀಗೆ ಮಾಡಿ. ವಿಳಾಸದ ಶುರುವಿನ 'ಎಚ್‌ಟಿಟಿಪಿಎಸ್' ಮತ್ತು ಅದರ ಜೋಡಿ ಓರೆಗೆರೆ ಬಿಟ್ಟು ಮುಂದೆ ಹೋಗಿ. ಮೊದಲ ಒಂಟಿ ಓರೆಗೆರೆ ಎಲ್ಲಿ ಬರುತ್ತದೆ ನೋಡಿ, ಅಲ್ಲಿಂದ ಹಿಂದಕ್ಕೆ ಓದಿ. 'ಗೂಗಲ್ ಡಾಟ್ ಕಾಮ್ ಡಾಟ್ ಮತ್ಯಾವುದೋ ಹೆಸರು ಡಾಟ್ ನೆಟ್' ಅಂತಿದ್ದರೆ ಅದರ ಒಡೆಯ ಆ ಮತ್ಯಾವುದೋ ಹೆಸರಿನವನು, ಗೂಗಲ್ ಅಲ್ಲ. ವಿಳಾಸದ ಪಕ್ಕದ ಬೀಗದ ಚಿತ್ರ ನೋಡಿ ನಂಬುವ ಕಾಲ ಮುಗಿಯಿತು. ಸಂಪರ್ಕದ ನಡುವೆ ಯಾರೂ ಕದ್ದು ಓದಲಾರರು ಅನ್ನುವುದಷ್ಟೇ ಅದರ ಅರ್ಥ. ಆ ಕಡೆ ಇರುವವನೇ ಕಳ್ಳನಾದರೆ ಕಳ್ಳನ ಜೊತೆಗೇ ಭದ್ರವಾಗಿ ಮಾತಾಡಿದ ಹಾಗಾಯಿತು. ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನೇ ತೆಗೆದದ್ದು ಇದಕ್ಕೇ.

ಪಾಸ್‌ವರ್ಡ್ ಆದಮೇಲೆ ಒಟಿಪಿಯಂಥದ್ದನ್ನೂ ಕೇಳುವ ಎರಡನೇ ಹಂತದ ಪರೀಕ್ಷೆಯನ್ನು ಮೊದಲು ಇಮೇಲ್‌ಗೆ ಹಾಕಿ. ಬ್ಯಾಂಕ್‌ಗಿಂತ ಇಮೇಲ್ ಮುಖ್ಯವೇ ಅಂತ ಕೇಳಬಹುದು. 'ಪಾಸ್‌ವರ್ಡ್ ಮರೆತಿದ್ದೇನೆ' ಅಂತ ಎಲ್ಲಿ ಒತ್ತಿದರೂ ಬದಲಿಸುವ ಕೊಂಡಿ ಬರುವುದು ಇಮೇಲ್‌ಗೇ ಅಲ್ವಾ? ಎಸ್‌ಎಂಎಸ್‌ಗಿಂತ ಆಥೆಂಟಿಕೇಟರ್ ಆ್ಯಪ್ ಮೇಲು. ಪ್ರತಿ 30 ಸೆಕೆಂಡಿಗೊಮ್ಮೆ ಬದಲಾಗುವ ಆ ಅಂಕಿಗಳು ಫೋನ್‌ನಲ್ಲೇ ಹುಟ್ಟುತ್ತವೆ, ಸಿಮ್ ಕದ್ದರೂ ಸಿಗುವುದಿಲ್ಲ. ಆದರೆ ನಕಲಿ ಪುಟದಲ್ಲಿ ನೀವೇ ಆ ಅಂಕಿ ಹಾಕಿದರೆ ಕಳ್ಳ ಅದೇ ಕ್ಷಣ ಅದನ್ನು ಅಸಲಿ ಪುಟಕ್ಕೆ ದಾಟಿಸಬಲ್ಲ. ಈ ತೂತನ್ನು ಮುಚ್ಚುವುದು ಪಾಸ್‌ಕೀ, ಅಂದರೆ ಪಾಸ್‌ವರ್ಡ್ ಬದಲು ನಿಮ್ಮ ಫೋನ್ ಅಥವಾ ಕಂಪ್ಯೂಟರಿನಲ್ಲಿ ಇರುವ ಡಿಜಿಟಲ್ ಕೀಲಿ. ಅದು ಸೈಟ್‌ನ ವಿಳಾಸಕ್ಕೇ ಗಂಟು ಹಾಕಿಕೊಂಡಿರುತ್ತದೆ, ನಕಲಿ ವಿಳಾಸದಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಎಲ್ಲಿ ಸಿಗುತ್ತದೋ ಅಲ್ಲಿ ಹಾಕಿಕೊಳ್ಳಿ.

ಕ್ಲಿಕ್ಕೇ ಬೇಡದ ದಾಳಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ನಮ್ಮ ಕೈಯಿಂದ ಮಾಡಿಸಿಕೊಳ್ಳುವಂಥವು. ಅದಿಲ್ಲದೆಯೂ ಒಳಬರುವ ದಾರಿ ಒಂದಿದೆ: ಸಾಫ್ಟ್‌ವೇರ್‌ನಲ್ಲೇ ಇರುವ ಬಿರುಕು.

2017ರ ಮೇ 12ರಂದು ಹಬ್ಬಿದ ವಾನ್ನಾಕ್ರೈ ಇದರ ದೊಡ್ಡ ಉದಾಹರಣೆ. ವಿಂಡೋಸ್ ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವ ಎಸ್‌ಎಂಬಿ ಎಂಬ ವ್ಯವಸ್ಥೆಯಲ್ಲಿದ್ದ ಬಿರುಕಿನಿಂದ ಅದು ಒಂದರಿಂದ ಇನ್ನೊಂದಕ್ಕೆ ತಾನಾಗಿ ಹಾರಿತು. ಫೈಲ್‌ಗಳಿಗೆಲ್ಲ ಬೀಗ ಹಾಕಿ 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳಿತು. ಸುಮಾರು 150 ದೇಶಗಳು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು, ಎಲ್ಲ ತತ್ತರಿಸಿದವು. ಬೇಜಾರಿನ ಸಂಗತಿ ಎಂದರೆ ಆ ಬಿರುಕು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳು 'ಆಮೇಲೆ ನೆನಪಿಸು' ಒತ್ತಿದವರು ಸಿಕ್ಕಿಬಿದ್ದರು.

ಅಪ್‌ಡೇಟ್ ಬಂದ ಮೇಲೆ ಅಪಾಯ ಇನ್ನೂ ಹೆಚ್ಚುತ್ತದೆ ಅನ್ನುವುದು ವಿಚಿತ್ರ ಅನಿಸಿದರೂ ನಿಜ. ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡಿದರೆ ಬಿರುಕು ಎಲ್ಲಿತ್ತು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಹಾಕಿಕೊಳ್ಳದವರನ್ನು ಹುಡುಕುವುದಷ್ಟೇ ಬಾಕಿ. ಅಪ್‌ಡೇಟ್‌ಗಳು ಒಮ್ಮೊಮ್ಮೆ ಕಾಟ ಕೊಡುತ್ತವೆ, ಒಪ್ಪುತ್ತೇನೆ. ಒಂದೆರಡು ದಿನ ತಡೆದರೆ ಅಡ್ಡಿಯಿಲ್ಲ, ತಿಂಗಳು ತಡೆಯಬೇಡಿ. ಬ್ರೌಸರ್ ಅಪ್‌ಡೇಟ್ ತಾನಾಗಿ ಇಳಿಯುತ್ತದೆ, ಆದರೆ ಮುಚ್ಚಿ ತೆರೆಯುವ ತನಕ ಜಾರಿಗೆ ಬರುವುದಿಲ್ಲ. ಐವತ್ತು ಟ್ಯಾಬ್ ತೆರೆದಿಟ್ಟು ವಾರಗಟ್ಟಲೆ ಮುಚ್ಚದವರು ಇದನ್ನು ಗಮನಿಸಬೇಕು.

ತಾನಾಗಿ ಅಪ್‌ಡೇಟ್ ಆಗದ ಸಾಫ್ಟ್‌ವೇರ್‌ಗಳೂ ಇವೆ. ವಿನ್‌ರಾರ್ ಅಂಥದ್ದು. 2019ರಲ್ಲಿ ಅದರಲ್ಲಿ 19 ವರ್ಷ ಹಳೆಯ ಬಿರುಕು ಪತ್ತೆಯಾಯಿತು, 2023ರಲ್ಲಿ ಇನ್ನೊಂದು. ಎಂದೋ ಹಾಕಿ ಮರೆತದ್ದು ಇದ್ದರೆ ಹೊಸದು ಹಾಕಿ, ಇಲ್ಲವೇ ತೆಗೆದುಹಾಕಿ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಹೆಸರು ಹಚ್ಚಿಸಿದ ಮನೆ ಬಳಕೆದಾರರಿಗೆ ಇನ್ನೊಂದು ವರ್ಷದ ಅವಕಾಶವಿತ್ತು. ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಿಡಿಸದಿದ್ದರೆ ಲಿನಕ್ಸ್ ಹಾಕುವುದು ಒಳ್ಳೆಯ ದಾರಿ. ಬ್ರೌಸರ್, ಇಮೇಲ್, ಬರವಣಿಗೆ ಇಷ್ಟೇ ಕೆಲಸವಾದರೆ ಏನೂ ಕಮ್ಮಿಯಾಗುವುದಿಲ್ಲ.

ಮನೆಗೆ ವೈಫೈ ಕೊಡುವ ರೌಟರ್ ಪೆಟ್ಟಿಗೆ ಕೂಡ ಒಂದು ಕಂಪ್ಯೂಟರೇ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಕಾರ್ಖಾನೆಯಲ್ಲೇ ಇಟ್ಟ ಪಾಸ್‌ವರ್ಡ್‌ಗಳ ಒಂದು ಸಣ್ಣ ಪಟ್ಟಿ ಹಿಡಿದುಕೊಂಡು ಲಕ್ಷಾಂತರ ಕ್ಯಾಮರಾ, ರೌಟರ್‌ಗಳಿಗೆ ನುಗ್ಗಿತು. ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ರೌಟರ್‌ನ ಸೆಟ್ಟಿಂಗ್ ತೆರೆಯುವ ಇದು ಬೇರೆ.

ಆಂಟಿವೈರಸ್ ಎಷ್ಟು ಕಾಯುತ್ತದೆ

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು. ಇದು ಹಿಂದೆ ನಿಜವಾಗಿರಲಿಲ್ಲ, ಈಗ ನಿಜ. ಆಂಟಿವೈರಸ್ ಕೆಲಸ ಮಾಡುವುದು ಮುಖ್ಯವಾಗಿ ಎರಡು ರೀತಿ. ಗೊತ್ತಿರುವ ಮಾಲ್‌ವೇರ್‌ಗಳ ಗುರುತುಪಟ್ಟಿ ಇಟ್ಟುಕೊಂಡು ಹೋಲಿಸುತ್ತದೆ. ಗೊತ್ತಿಲ್ಲದ್ದು ಓಡುವಾಗ ಅದರ ನಡತೆ ನೋಡುತ್ತದೆ. ಕಳ್ಳರು ತಮ್ಮ ಮಾಲನ್ನು ಮಾರುಕಟ್ಟೆಗೆ ಬಿಡುವ ಮುಂಚೆ ಇದೇ ಆಂಟಿವೈರಸ್‌ಗಳ ಮೇಲೆ ಪರೀಕ್ಷಿಸಿ, ಸಿಕ್ಕಿಬೀಳದ ಹಾಗೆ ತಿದ್ದಿ ಬಿಡುತ್ತಾರೆ. ಹಾಗಾಗಿ ಮೊದಲ ಕೆಲವು ಗಂಟೆ ಯಾವ ಆಂಟಿವೈರಸ್ಸೂ ಭರವಸೆಯಲ್ಲ. ಎರಡು ಹಾಕಿದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ, ಒಂದರ ಕಾಲಿಗೆ ಇನ್ನೊಂದು ತೊಡಕಾಗುತ್ತದೆ ಅಷ್ಟೇ.

ಆಂಟಿವೈರಸ್‌ಗೂ ನಿಮ್ಮ ಇಡೀ ಕಂಪ್ಯೂಟರಿನ ಅಧಿಕಾರವಿದೆ ಅನ್ನುವುದು ಮರೆಯಬಾರದು. ಬಳಕೆದಾರರು ಏನೇನು ನೋಡುತ್ತಾರೆ ಎಂಬ ಮಾಹಿತಿ ಮಾರಿದ ಆರೋಪಕ್ಕೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2024ರಲ್ಲಿ ಅವಾಸ್ಟ್ ಕಂಪನಿಯಿಂದ 1.65 ಕೋಟಿ ಡಾಲರ್ ಕಟ್ಟಿಸಿತು. ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೊಂದು ಕಂಪನಿಯ ಮೂಲಕ ಹಾಯಿಸುವ ವಿಪಿಎನ್‌ನ ಜಾಹೀರಾತುಗಳನ್ನೂ ಇದೇ ಅನುಮಾನದಿಂದ ನೋಡಿ. ನೀವು ಯಾವ ಸೈಟ್‌ಗೆ ಹೋಗುತ್ತೀರಿ ಎಂಬುದನ್ನು ವಿಪಿಎನ್ ಬೇರೆಯವರಿಂದ ಮರೆಮಾಡಬಹುದು. ಮಾಲ್‌ವೇರ್ ಓಡಿಸುವುದನ್ನು ತಡೆಯದು.

ದಿನನಿತ್ಯದ ಬಳಕೆಗೆ ಅಡ್ಮಿನ್ ಅಲ್ಲದ 'ಸ್ಟ್ಯಾಂಡರ್ಡ್' ಖಾತೆ ಇಟ್ಟುಕೊಳ್ಳಿ ಎಂಬ ಸಲಹೆ ಒಳ್ಳೆಯದೇ. ಮಾಲ್‌ವೇರ್ ವಿಂಡೋಸ್‌ನ ಒಳಗೇ ಬೇರು ಬಿಡುವುದನ್ನು, ಮನೆಯ ಬೇರೆಯವರ ಫೈಲ್ ಮುಟ್ಟುವುದನ್ನು ಅದು ತಡೆಯುತ್ತದೆ. ನಿಮ್ಮ ಫೋಟೊ, ನಿಮ್ಮ ಕುಕಿ ಕದಿಯಲು ಮಾತ್ರ ಅಡ್ಮಿನ್ ಅಧಿಕಾರ ಬೇಕಿಲ್ಲ. ಅವು ನಿಮ್ಮವು, ಓಡುತ್ತಿರುವುದು ನಿಮ್ಮ ಹೆಸರಿನಲ್ಲಿ.

ಹೆದರಿಸುವ ಪರದೆ

ಏನೋ ನೋಡುತ್ತಿರುವಾಗ ಪರದೆ ತುಂಬ ಕೆಂಪು ಎಚ್ಚರಿಕೆ, ಕಿವಿಗಡಚಿಕ್ಕುವ ಸದ್ದು, 'ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ' ಎಂಬ ಸಾಲು. ಇದು ಬರೀ ಒಂದು ವೆಬ್‌ಪುಟ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ಸಂಖ್ಯೆ ಇರುವುದೇ ಇಲ್ಲ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಪೂರ್ತಿ ಪರದೆಯಿಂದ ಹೊರಬರುತ್ತದೆ. ಆಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ಮರಳಿ ತರಬೇಡಿ. ಆ ಸಂಖ್ಯೆಗೆ ಕರೆ ಮಾಡಿದವರ ಕಂಪ್ಯೂಟರಿಗೆ ಮೋಸಗಾರರು ಎನಿಡೆಸ್ಕ್ ಥರದ, ದೂರದಿಂದಲೇ ಕಂಪ್ಯೂಟರ್ ನಡೆಸಬಲ್ಲ ಸಾಫ್ಟ್‌ವೇರ್ ಹಾಕಿಸುತ್ತಾರೆ. ಅದು ಅಸಲಿ, ಕಾನೂನುಬದ್ಧ ಸಾಫ್ಟ್‌ವೇರ್. ಆಂಟಿವೈರಸ್ ಅದನ್ನು ತಡೆಯಲಿ ಅಂತ ನಿರೀಕ್ಷಿಸುವ ಹಾಗಿಲ್ಲ.

ಪರದೆಯ ಮೂಲೆಯಲ್ಲಿ ಆಗಾಗ 'ವೈರಸ್ ಬಂದಿದೆ' ಅಂತ ಪುಟಿಯುತ್ತಿದ್ದರೆ ಹೆಚ್ಚಿನ ಸಲ ಅದು ವೈರಸ್ಸೇ ಅಲ್ಲ. ಎಂದೋ ಯಾವುದೋ ಸೈಟ್‌ಗೆ ನೋಟಿಫಿಕೇಶನ್ ಅನುಮತಿ ಕೊಟ್ಟಿರುತ್ತೀರಿ. ಬ್ರೌಸರಿನ ಸೆಟ್ಟಿಂಗ್‌ನಲ್ಲಿ ಆ ಪಟ್ಟಿ ತೆಗೆದು ಗುರುತಿಲ್ಲದ್ದನ್ನೆಲ್ಲ ಅಳಿಸಿ.

ಬ್ಯಾಕಪ್

ಫೈಲ್ ಒತ್ತೆಯಿಟ್ಟು ಹಣ ಕೇಳುವ ರಾನ್ಸಮ್‌ವೇರ್ ಹೊಸದಲ್ಲ. 1989ರಲ್ಲೇ ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿಯ ಹೆಸರಿಗೆ ಅಂಟಿದ ಪ್ರಕರಣವಿದೆ. ಅಂಚೆಯಲ್ಲಿ ಫ್ಲಾಪಿಗಳು ಬಂದವು, ಫೈಲ್‌ಗಳ ಹೆಸರು ಕಲಸುಮೇಲೋಗರವಾದವು, 189 ಡಾಲರನ್ನು ಪನಾಮಾದ ಅಂಚೆಪೆಟ್ಟಿಗೆಗೆ ಕಳಿಸಿ ಎಂಬ ಸೂಚನೆ ಬಂತು. ಹಣ ಇಸಿದುಕೊಳ್ಳುವುದು ಆಗ ಕಷ್ಟವಿತ್ತು. ಬಿಟ್‌ಕಾಯಿನ್ ಅದನ್ನು ಸುಲಭ ಮಾಡಿತು. ಇವತ್ತಿನ ಬೀಗಗಳು ಆಗಿನಂತೆ ಸಡಿಲವೂ ಅಲ್ಲ. ಕೀಲಿ ಇಲ್ಲದೆ ತೆರೆಯುವುದು ಗಣಿತದ ಪ್ರಕಾರ ಆಗದ ಮಾತು.

ಹಾಗಾಗಿ ಇನ್ನೊಂದು ಪ್ರತಿ ಇರಬೇಕು. ಅದೂ ಆ ಪ್ರೋಗ್ರಾಮ್‌ಗೆ ಸಿಗದ ಜಾಗದಲ್ಲಿ. ಹೊರಗಿನ ಹಾರ್ಡ್ ಡಿಸ್ಕ್ ಸದಾ ಚುಚ್ಚಿಯೇ ಇದ್ದರೆ ನಿಮಗೆ ಕಂಡದ್ದು ಮಾಲ್‌ವೇರ್‌ಗೂ ಕಾಣುತ್ತದೆ, ಅದಕ್ಕೂ ಬೀಗ ಬೀಳುತ್ತದೆ. ನಕಲು ಮಾಡಿ, ಕಿತ್ತು, ಎತ್ತಿಡಿ. ಫೈಲ್‌ಗಳನ್ನು ತಾನಾಗಿ ಇಂಟರ್ನೆಟ್‌ಗೆ ನಕಲು ಮಾಡುತ್ತಿರುವ ಕ್ಲೌಡ್ ಸಿಂಕ್ ಕೂಡ ಹಾಳಾದ ಫೈಲನ್ನೇ ನಿಷ್ಠೆಯಿಂದ ಮೇಲಕ್ಕೆ ಕಳಿಸುತ್ತದೆ. ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುವ ಸೇವೆಯಾದರೆ ಮಾತ್ರ ಉಳಿಗಾಲ. ನಿಮ್ಮದರಲ್ಲಿ ಆ ಸೌಲಭ್ಯ ಎಷ್ಟು ದಿನದ್ದು ಅಂತ ನೋಡಿಕೊಳ್ಳಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ 3-2-1 ನಿಯಮ ಫೋಟೊಗ್ರಾಫರ್‌ಗಳ ಲೋಕದಿಂದ ಬಂದದ್ದು. ಇನ್ನೂ ಅದನ್ನು ಮೀರಿಸಿದ್ದಿಲ್ಲ. ಬ್ಯಾಕಪ್‌ನಿಂದ ಒಂದು ಫೈಲನ್ನು ನಿಜವಾಗಿಯೂ ತೆಗೆದು ತೆರೆದು ನೋಡಿ. ತೆರೆಯದಿದ್ದರೆ ಅದು ಬ್ಯಾಕಪ್ ಅಲ್ಲ.

ವಿಂಡೋಸ್‌ನಲ್ಲಿ 2017ರಿಂದ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಎಂಬ ಸೌಲಭ್ಯವಿದೆ. ಪರಿಚಯವಿಲ್ಲದ ಪ್ರೋಗ್ರಾಮ್‌ಗಳು ನಿಮ್ಮ ಡಾಕ್ಯುಮೆಂಟ್, ಚಿತ್ರಗಳ ಫೋಲ್ಡರ್ ತಿದ್ದದಂತೆ ತಡೆಯುತ್ತದೆ. ತಾನಾಗಿ ಆನ್ ಆಗಿರುವುದಿಲ್ಲ. ಹಾಕಿದರೆ ಒಳ್ಳೆಯ ಸಾಫ್ಟ್‌ವೇರ್‌ಗಳಿಗೂ ಕಿರಿಕಿರಿ ಮಾಡುತ್ತದೆ. ಆದರೂ ಫೋನ್‌ನಲ್ಲಿರುವ ಬೇಲಿಯಂಥದ್ದು ಡೆಸ್ಕ್‌ಟಾಪ್‌ನಲ್ಲಿ ಸಿಗುವುದೇ ಅಪರೂಪ. ಒಮ್ಮೆ ಪ್ರಯತ್ನಿಸಿ.

ಎಡವಟ್ಟಾಗಿದೆ ಅನಿಸಿದರೆ

ಓಡಿಸಬಾರದ್ದನ್ನು ಓಡಿಸಿದಿರಿ. ಮೊದಲು ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕೀಳಿ. ಪಾಸ್‌ವರ್ಡ್ ಬದಲಿಸಬೇಕು, ಆದರೆ ಅದೇ ಕಂಪ್ಯೂಟರಿನಿಂದ ಬೇಡ. ಹೊಸದನ್ನೂ ಅದು ಕೇಳಿಸಿಕೊಳ್ಳುತ್ತದೆ. ಫೋನ್‌ನಿಂದಲೋ ಬೇರೆ ಕಂಪ್ಯೂಟರಿನಿಂದಲೋ ಮಾಡಿ. ಇಮೇಲ್ ಮೊದಲು, ಆಮೇಲೆ ಬ್ಯಾಂಕ್, ಆಮೇಲೆ ಉಳಿದವು. ಬದಲಿಸುವಾಗ 'ಎಲ್ಲ ಸಾಧನಗಳಿಂದ ಸೈನ್ ಔಟ್' ಎಂಬುದನ್ನು ಒತ್ತುವುದು ಮುಖ್ಯ. ಬರೀ ಪಾಸ್‌ವರ್ಡ್ ಬದಲಿಸಿದರೆ ಕದ್ದ ಕುಕಿ ಕೆಲವು ಸೈಟ್‌ಗಳಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ.

ಫೈಲ್‌ಗಳಿಗೆ ಬೀಗ ಬಿದ್ದಿದ್ದರೆ ಹಣ ಕಟ್ಟುವ ಮುಂಚೆ 'ನೋ ಮೋರ್ ರಾನ್ಸಮ್' ಎಂಬ ಸೈಟ್ ನೋಡಿ. ಯುರೋಪಿನ ಪೊಲೀಸ್ ಸಂಸ್ಥೆಯಾದ ಯೂರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರುಮಾಡಿದ್ದು. ಪೊಲೀಸರಿಗೆ ಕೀಲಿ ಸಿಕ್ಕ ಮಾಲ್‌ವೇರ್‌ಗಳಿಗೆ ಬಿಡುಗಡೆಯ ಪ್ರೋಗ್ರಾಮ್‌ಗಳು ಅಲ್ಲಿ ಉಚಿತವಾಗಿವೆ. ಸಿಗದಿದ್ದರೂ ಬೀಗ ಬಿದ್ದ ಫೈಲ್‌ಗಳನ್ನು ಎಸೆಯಬೇಡಿ, ಮುಂದೆಂದಾದರೂ ಕೀಲಿ ಸಿಗಬಹುದು.

ಸ್ಕ್ಯಾನ್ ಮಾಡಿ ಸ್ವಚ್ಛವಾಯಿತು ಅಂತ ಮುಂದುವರಿಯುವವರೇ ಜಾಸ್ತಿ. ನಾನಾದರೆ ವಿಂಡೋಸ್ ಹೊಸದಾಗಿ ಹಾಕುತ್ತೇನೆ. ಏನೇನು ಬದಲಾಗಿದೆ ಅಂತ ಹುಡುಕುತ್ತಾ ಕೂರುವುದಕ್ಕಿಂತ ಅದೇ ಬೇಗ ಮುಗಿಯುತ್ತದೆ. ಬ್ಯಾಕಪ್‌ನಿಂದ ಫೋಟೊ, ಡಾಕ್ಯುಮೆಂಟ್ ಮಾತ್ರ ಮರಳಿ ತನ್ನಿ. ಪ್ರೋಗ್ರಾಮ್‌ಗಳನ್ನು ಮತ್ತೆ ಅಸಲಿ ಜಾಗದಿಂದಲೇ ಇಳಿಸಿ. ಕೊನೆಗೆ ಇಮೇಲ್‌ನ ಸೆಟ್ಟಿಂಗ್ ತೆರೆದು ಫಾರ್ವರ್ಡಿಂಗ್ ಮತ್ತು ಫಿಲ್ಟರ್‌ಗಳನ್ನು ನೋಡಿ. ಒಳಬಂದವರು ನಿಮ್ಮ ಎಲ್ಲ ಇಮೇಲ್‌ಗಳ ಪ್ರತಿ ತಮಗೆ ಬರುವ ಹಾಗೆ ಒಂದು ಸಾಲು ಅಲ್ಲಿ ಸೇರಿಸಿ ಹೋಗಿರುವುದುಂಟು, ಪಾಸ್‌ವರ್ಡ್ ಬದಲಿಸಿದರೂ ಆ ಸಾಲು ಅಳಿಯುವುದಿಲ್ಲ. ಪಾಸ್‌ವರ್ಡ್ ಮರಳಿ ಪಡೆಯಲು ಕೊಟ್ಟ ಫೋನ್ ಸಂಖ್ಯೆ, ಇನ್ನೊಂದು ಇಮೇಲ್ ವಿಳಾಸ ನಿಮ್ಮದೇ ಹೌದೋ ಅಂತಲೂ ನೋಡಿಕೊಳ್ಳಿ.